ಮನೆ ಹಾಲಿಗೆ ಒಂದು ಮೇಕೆ ಸಾಲದು

ಮಳೆಗಾಲ ಶುರುವಾಗಿ ಒಂದು ತಿಂಗಳು ಕಳೆಯುವ ಹೊತ್ತಿಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಎಲ್ಲ ಗುರುತಿಲ್ಲದ ನಂಬರುಗಳು. "ಮೇಡಂ, ಮೇಕೆ ಹಾಲು ಸಿಗುತ್ತಾ? ಒಂದು ಲೋಟ ಆದರೂ ಸಾಕು." ಬೆಂಗಳೂರಿಗೆ ಡೆಂಗಿ ಬಂತು ಅಂತ ಪೇಪರಿನವರಿಗಿಂತ ಮೊದಲೇ ನನಗೆ ಗೊತ್ತಾಗುತ್ತದೆ. ಆ ದಿನಗಳಲ್ಲಿ ಮೇಕೆ ಹಾಲಿಗೆ ಜನ ಹೇಳಿದಷ್ಟು ದುಡ್ಡು ಕೊಡುತ್ತಾರೆ. ಹಸು ಹಾಲಿಗೆ ಎರಡು ರೂಪಾಯಿ ಏರಿದರೆ ಜಗಳ ಆಡುವವರೂ ಕೊಡುತ್ತಾರೆ.

ನಾನು ಅವರಿಗೆಲ್ಲ ಹೇಳುವುದು ಒಂದೇ ಮಾತು. ಮೇಕೆ ಹಾಲು ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವು ದಿನ ಕಳೆದ ಮೇಲೆ ಹೆಚ್ಚಿನವರಿಗೆ ತಾನಾಗಿಯೇ ಏರುತ್ತದೆ. ಆ ದಿನಗಳಲ್ಲಿ ನೀವು ಏನು ಕುಡಿದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ಪರಂಗಿ ಎಲೆ ರಸ ಕುಡಿದವರಿಗೆ ಪರಂಗಿ, ಮೇಕೆ ಹಾಲು ಕುಡಿದವರಿಗೆ ಮೇಕೆ. ಕುಡಿಯಬೇಡಿ ಅಂತಲ್ಲ. ಕಾಯಿಸಿ ಕುಡಿಯಿರಿ, ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ. "ಹಸಿಯಾಗಿ ಕುಡಿದರೇ ಗುಣ" ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಲೇಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೀಗೆ ಫೋನ್ ಮಾಡಿದವರಲ್ಲಿ ಕೆಲವರು ಜ್ವರ ಬಿಟ್ಟ ಮೇಲೂ ಮತ್ತೆ ಫೋನ್ ಮಾಡುತ್ತಾರೆ. "ಮೇಡಂ, ನಾವೇ ಒಂದು ಮೇಕೆ ಸಾಕಿಕೊಂಡರೆ ಹೇಗೆ?" ಇಲ್ಲಿ ಕೂತಿರುವವರಲ್ಲಿ ತಾರಸಿ ತೋಟ ಮಾಡುವವರೇ ಜಾಸ್ತಿ ಅಂತ ಹೇಳಿದರು. ನಿಮ್ಮಲ್ಲೂ ಆ ಆಸೆ ಇರುವವರು ಇರಬಹುದು. ನಾವು ಹೆಸರಘಟ್ಟದ ಕಡೆ ಹನ್ನೊಂದು ವರ್ಷದಿಂದ ಸಾಕುತ್ತಿದ್ದೇವೆ. ಈಗ ಏಳು ಇವೆ. ನಾನು ಪಶು ವೈದ್ಯೆ ಅಲ್ಲ. ತಪ್ಪು ಮಾಡಿ, ದುಡ್ಡು ಕಳೆದುಕೊಂಡು ಕಲಿತವಳು.

ಮೊದಲ ಮಾತು. "ಒಂದು ಮೇಕೆ" ಅನ್ನುವ ಲೆಕ್ಕವೇ ತಪ್ಪು. ಮೇಕೆ ಹಿಂಡಿನ ಪ್ರಾಣಿ. ನಮ್ಮ ಮೊದಲ ಮೇಕೆ ಚುಕ್ಕಿ. ಅದನ್ನು ಒಂಟಿಯಾಗಿ ತಂದು ಕಟ್ಟಿದೆವು. ಒಂಬತ್ತು ದಿನ ಕೂಗಿತು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎರಡು ಗಂಟೆಗೆ. ನಾನು ಹೋಗಿ ಪಕ್ಕದಲ್ಲಿ ನಿಂತರೆ ಸುಮ್ಮನಾಗುತ್ತಿತ್ತು, ಒಳಗೆ ಬಂದರೆ ಮತ್ತೆ ಶುರು. ಮೇವು ಬಿಟ್ಟಿತು, ಹಾಲು ಅರ್ಧಕ್ಕೆ ಇಳಿಯಿತು. ಹತ್ತನೇ ದಿನ ಪಕ್ಕದ ಮನೆಯವರು ಬಂದು, "ಅಕ್ಕಾ, ಇದಕ್ಕೊಂದು ಜೊತೆ ತಂದುಬಿಡಿ, ದುಡ್ಡು ಬೇಕಾದರೆ ನಾವೂ ಸ್ವಲ್ಪ ಹಾಕುತ್ತೇವೆ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಹಾಲಿನ ಲೆಕ್ಕಕ್ಕೂ ಎರಡು ಬೇಕು. ಮೇಕೆ ಗಬ್ಬ ಇರುವುದು ಸುಮಾರು 150 ದಿನ, ಅಂದರೆ ಐದು ತಿಂಗಳು. ಅದರಲ್ಲಿ ಕೊನೆಯ ಎರಡು ತಿಂಗಳು ಹಾಲು ಕರೆಯಬಾರದು. ಹೊಟ್ಟೆಯಲ್ಲಿ ಮರಿ ಬೆಳೆಯುವುದು ಆಗಲೇ, ಕೆಚ್ಚಲಿಗೆ ವಿಶ್ರಾಂತಿ ಬೇಕಾಗಿರುವುದೂ ಆಗಲೇ. ಎರಡು ಇದ್ದು, ಒಂದು ಯುಗಾದಿ ಹೊತ್ತಿಗೆ, ಇನ್ನೊಂದು ದೀಪಾವಳಿ ಹೊತ್ತಿಗೆ ಮರಿ ಹಾಕುವ ಹಾಗೆ ನೋಡಿಕೊಂಡರೆ ವರ್ಷವಿಡೀ ಮನೆಗೆ ಹಾಲು. ಒಂದೇ ಇದ್ದರೆ ವರ್ಷದಲ್ಲಿ ಕೆಲವು ತಿಂಗಳು ನೀವು ನಂದಿನಿ ಪ್ಯಾಕೆಟ್ಟಿಗೇ ವಾಪಸ್.

ಜಾಗ? ತಾರಸಿಯ ಮೇಲೆ ಬೇಡ. ಬೇಸಿಗೆಯಲ್ಲಿ ಆ ಕಾಂಕ್ರೀಟು ಕಾಯುವುದನ್ನು ನಿಮ್ಮ ಕಾಲೇ ತಾಳುವುದಿಲ್ಲ. ಮೂತ್ರ ಇಳಿದು ಕೆಳಗಿನ ಚಾವಣಿ ಹಾಳು. ಅಪಾರ್ಟ್‌ಮೆಂಟಿನ ಮಾತೇ ಬೇಡ. ಮೂವತ್ತು ನಲವತ್ತು ಸೈಟಿನಲ್ಲಿ ಪೂರ್ತಿ ಮನೆ ಕಟ್ಟಿದ್ದರೆ ಅಲ್ಲೂ ಆಗುವುದಿಲ್ಲ. ಊರಾಚೆ ಸೈಟು ಇದ್ದು, ಮನೆ ಪಕ್ಕ ಅರ್ಧ ಸೈಟು ಖಾಲಿ ಇದ್ದರೆ ಯೋಚನೆ ಮಾಡಬಹುದು. ಒಂದೊಂದು ಮೇಕೆಗೆ ಮಲಗಲು ಸೂರಿನ ಕೆಳಗೆ 15ರಿಂದ 20 ಚದರ ಅಡಿ ಬೇಕು, ಓಡಾಡಲು ಅದರ ಎರಡು ಪಟ್ಟು. ತರುವ ಮುಂಚೆ ನಿಮ್ಮ ವಾರ್ಡ್ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ, ಅಕ್ಕಪಕ್ಕದವರನ್ನೂ ಕೇಳಿ. ತಂದ ಮೇಲೆ ಕೇಳುವುದಕ್ಕಿಂತ ಅದು ಸುಲಭ.

ಇನ್ನೊಂದು ಮಾತು. ಇದನ್ನು ಹೇಳಿದರೆ ಕೆಲವರ ಮುಖ ಸಣ್ಣದಾಗುತ್ತದೆ, ಆದರೂ ಹೇಳಬೇಕು. ಹಾಲು ಬೇಕು ಅಂದರೆ ಮೇಕೆ ಮರಿ ಹಾಕಬೇಕು. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಆ ಗಂಡು ಮರಿಗಳನ್ನು ಏನು ಮಾಡುತ್ತೀರಿ? ನನಗೆ ಫೋನ್ ಮಾಡುವವರಲ್ಲಿ ಮಾಂಸ ಮುಟ್ಟದ ಮನೆಯವರೂ ಬೇಕಾದಷ್ಟು ಜನ ಇದ್ದಾರೆ. ಮೇಕೆ ಹಾಲು ಸಾತ್ವಿಕ ಅನ್ನುತ್ತಾರೆ. ಸರಿ. ಆದರೆ ಎರಡು ಮೇಕೆ ಐದು ವರ್ಷ ಇದ್ದರೆ ನಿಮ್ಮ ಹಿತ್ತಲಲ್ಲಿ ಏಳೆಂಟು ಗಂಡು ಮರಿಯಾದರೂ ಹುಟ್ಟಿರುತ್ತವೆ. ಎಲ್ಲವನ್ನೂ ಸಾಯುವ ತನಕ ಸಾಕುವ ಶಕ್ತಿ ಇದ್ದರೆ ಒಳ್ಳೆಯದು, ನಮಗಂತೂ ಇಲ್ಲ. ನಾವು ಮಾರುತ್ತೇವೆ. ಕೊಂಡವರು ಯಾತಕ್ಕೆ ಕೊಂಡರು ಅಂತ ನಮಗೆ ಗೊತ್ತು. ಮೊದಲ ಸಲ ನಮ್ಮತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಮರಿ ನಿಮ್ಮ ಮಗಳ ತೊಡೆಯ ಮೇಲೆ ಮಲಗಿರುವಾಗ ಅಲ್ಲ.

ಇಷ್ಟು ಹೇಳಿದ ಮೇಲೂ ಎದ್ದು ಹೋಗದೆ ಕೂತಿದ್ದೀರಿ. ಹಾಗಾದರೆ ತಳಿಯ ವಿಷಯಕ್ಕೆ ಬರೋಣ.

ಎಲ್ಲರ ಬಾಯಲ್ಲೂ ಒಂದೇ ಹೆಸರು, ಜಮುನಾಪಾರಿ. ಉತ್ತರ ಪ್ರದೇಶದ ಇಟಾವಾ ಕಡೆಯ, ಯಮುನೆ ಮತ್ತು ಚಂಬಲ್ ನಡುವಿನ ತಳಿ. ಉದ್ದ ಜೋಲು ಕಿವಿ, ಗಿಳಿ ಮೂಗು, ಎತ್ತರದ ಕಾಲು. ನೋಡಿದರೆ ರಾಜಗಾಂಭೀರ್ಯ. ಹಾಲೂ ಕೊಡುತ್ತದೆ, ಚೆನ್ನಾಗಿದ್ದರೆ ದಿನಕ್ಕೆ ಒಂದೂವರೆ, ಎರಡು ಲೀಟರು. ಆದರೆ ಅದು ಕಣಿವೆಯ ಪೊದೆಗಳಲ್ಲಿ ಓಡಾಡಿ ಮೇಯುವ ಜಾತಿ. ಕಟ್ಟಿ ಹಾಕಿದರೆ ಕೊರಗುತ್ತದೆ. ಮತ್ತೆ, ಕಿವಿ ಉದ್ದ ಇದ್ದದ್ದೆಲ್ಲ ಜಮುನಾಪಾರಿ ಅಲ್ಲ. ನಮ್ಮ ಸುತ್ತಮುತ್ತ ಆ ಹೆಸರಿನಲ್ಲಿ ಮಾರುವುದರಲ್ಲಿ ಬೆರಕೆಯೇ ಜಾಸ್ತಿ. ಪಂಜಾಬಿನ ಬೀಟಲ್ ಇದೆ, ಹಾಲಿಗೆ ಒಳ್ಳೆಯದು, ಮೈ ದೊಡ್ಡದು, ಹೊಟ್ಟೆಯೂ ದೊಡ್ಡದು. ರಾಜಸ್ಥಾನದ ಸಿರೋಹಿ ಗಟ್ಟಿಮುಟ್ಟು.

ಪಟ್ಟಣದ ಅಂಚಿನವರಿಗೆ ನನ್ನ ಓಟು ಬಾರ್ಬರಿಗೆ. ಗಿಡ್ಡ ಮೇಕೆ, ನೆಟ್ಟಗಿನ ಸಣ್ಣ ಕಿವಿ, ಬಿಳಿ ಮೈ ಮೇಲೆ ಜಿಂಕೆಯ ಹಾಗೆ ಕಂದು ಚುಕ್ಕೆ. ಆಗ್ರಾ, ಮಥುರಾ ಕಡೆ ಊರೊಳಗೆ, ಮನೆ ಬಾಗಿಲಲ್ಲೇ ಕಟ್ಟಿ ಸಾಕುತ್ತಾ ಬಂದ ತಳಿ. ಸಣ್ಣ ಜಾಗಕ್ಕೆ ಹೊಂದಿಕೊಳ್ಳುತ್ತದೆ, ಅವಳಿ ಮರಿ ಸಾಮಾನ್ಯ. ಹಾಲು ಒಂದು ಲೀಟರಿನ ಆಸುಪಾಸು. ಕೇರಳದ ಮಲಬಾರಿ, ಅದನ್ನೇ ತಲಶ್ಶೇರಿ ಮೇಕೆ ಅನ್ನುತ್ತಾರೆ, ಅದೂ ನಮ್ಮ ಹವೆಗೆ ಹೊಂದುತ್ತದೆ.

ನಮ್ಮದೇ ನಂದಿದುರ್ಗ ಮೇಕೆ ಇಲ್ಲವಾ ಅಂತ ಕೇಳಬಹುದು. ಇದೆ. ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರದ ಕಡೆ ಸಾಕುವ ಬಿಳಿ ಮೇಕೆ, ಮಾನ್ಯತೆ ಸಿಕ್ಕ ತಳಿ. ಬಹಳ ಗಟ್ಟಿ. ಆದರೆ ಅದನ್ನು ನಮ್ಮ ಹಿರಿಯರು ಬೆಳೆಸಿದ್ದು ಮಾಂಸಕ್ಕೆ. ಮರಿ ಕುಡಿದು ಮಿಕ್ಕಿದ್ದು ನಿಮಗೆ, ಅದು ಕಾಫಿಗೆ ಆಗಬಹುದು. ನನ್ನನ್ನು ಕೇಳಿದರೆ, ದೂರದ ಒಳ್ಳೆಯ ತಳಿಗಿಂತ ಹತ್ತಿರದಲ್ಲಿ, ನಿಮ್ಮ ಕಣ್ಣ ಮುಂದೆ ದಿನಾ ಒಂದು ಲೀಟರು ಕರೆಯುವ ಬೆರಕೆ ಮೇಕೆ ವಾಸಿ. ಅದು ಈ ಹವೆಯಲ್ಲಿ ಹುಟ್ಟಿ, ಈ ಸೊಪ್ಪು ತಿಂದು ಬೆಳೆದಿರುತ್ತದೆ.

ಈಗ ಕೊಳ್ಳುವ ಹೊತ್ತು. ಇದರಲ್ಲಿ ನಾನು ಏಮಾರಿದ ಕಥೆ ಇದೆ, ಅದನ್ನೇ ಮೊದಲು ಹೇಳುತ್ತೇನೆ. ಚುಕ್ಕಿಗೆ ಜೊತೆ ತರಲು ಹೋದಾಗ ಒಬ್ಬ ವ್ಯಾಪಾರಿ ಒಂದು ಮೇಕೆ ತೋರಿಸಿದರು. ಕೆಚ್ಚಲು ಅಂದರೆ ಕೆಚ್ಚಲು! ನೆಲ ಮುಟ್ಟುವ ಹಾಗಿತ್ತು. ನನ್ನ ಮುಂದೆಯೇ ಕರೆದರು, ಒಂದೂವರೆ ಲೀಟರಿನ ಪಾತ್ರೆ ತುಂಬಿತು. ಕೇಳಿದಷ್ಟು ಕೊಟ್ಟು ತಂದೆ. ಮರುದಿನ ಬೆಳಗ್ಗೆ ಕರೆದರೆ ಅರ್ಧ ಲೀಟರು. ಮೇಕೆ ಹೊಸ ಜಾಗಕ್ಕೆ ಹೆದರಿದೆ ಅಂದುಕೊಂಡೆ. ವಾರ ಆದರೂ ಅಷ್ಟೇ. ನಡೆದದ್ದು ಇಷ್ಟು: ಒಂದೂವರೆ ದಿನ ಅದನ್ನು ಕರೆಯದೆ ಬಿಟ್ಟಿದ್ದರು. ಮೂರು ಹೊತ್ತಿನ ಹಾಲು ಒಂದೇ ಸಲ ನೋಡಿ ನಾನು ಮರುಳಾಗಿದ್ದೆ. ಹಾಗೆ ಹಾಲು ಕಟ್ಟಿದ್ದರಿಂದ ಒಂದು ಕಡೆ ಕೆಚ್ಚಲು ಬಾವು ಬೇರೆ ಬಂತು.

ಆದ್ದರಿಂದ ಮೇಕೆ ಕೊಳ್ಳಲು ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಸಂಜೆ ಹೋಗಿ, ಕೆಚ್ಚಲು ಖಾಲಿಯಾಗುವ ತನಕ ಕರೆಯುವುದನ್ನು ನೋಡಿ. ಮರುದಿನ ಬೆಳಗ್ಗೆ ಮತ್ತೆ ಹೋಗಿ ನೋಡಿ. ಎರಡನೆಯ ಸಲ ಬಂದದ್ದೇ ನಿಜವಾದ ಲೆಕ್ಕ. ಕರೆದ ಮೇಲೆ ಕೆಚ್ಚಲನ್ನು ಕೈಯಲ್ಲಿ ಹಿಡಿದು ನೋಡಿ. ಖಾಲಿ ಕೈಚೀಲದ ಹಾಗೆ ಮೆತ್ತಗೆ ಮಡಚಿಕೊಳ್ಳಬೇಕು. ಒಳಗೆ ಗಂಟು ಸಿಕ್ಕರೆ, ಒಂದು ಕಡೆ ಬಿಸಿ ಇದ್ದರೆ, ಎರಡು ಭಾಗ ಒಂದಕ್ಕೊಂದು ಸಮ ಇಲ್ಲದಿದ್ದರೆ ಬೇಡ. ಮೊಲೆತೊಟ್ಟು ಎರಡೇ ಇರಬೇಕು, ನಿಮ್ಮ ಬೆರಳಿಗೆ ಸಿಗುವಷ್ಟು ಉದ್ದ ಇರಬೇಕು. ಕಡ್ಲೆಕಾಳಿನಷ್ಟು ತೊಟ್ಟಿದ್ದರೆ ದಿನಾ ಎರಡು ಹೊತ್ತು ನಿಮ್ಮ ಬೆರಳಿಗೆ ಶಿಕ್ಷೆ.

ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ. ನಮ್ಮ ಮನೆಯವರು ಮೊದಲ ಸಲ ಬಾಯಿ ಬಿಡಿಸಿ ನೋಡಿ, "ಮುದಿ ಮೇಕೆ ಕಣೇ, ಮೇಲಿನ ಹಲ್ಲೆಲ್ಲ ಉದುರಿ ಹೋಗಿದೆ" ಅಂದಿದ್ದರು. ಮೇಕೆಗೆ ಮೇಲೆ ಮುಂದಿನ ಹಲ್ಲು ಹುಟ್ಟುವುದೇ ಇಲ್ಲ. ಕೆಳಗೆ ಎಂಟು ಇರುತ್ತವೆ. ಎಲ್ಲ ಸಣ್ಣ ಹಾಲುಹಲ್ಲಾಗಿದ್ದರೆ ಅದು ವರ್ಷದೊಳಗಿನದು. ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ, ಒಂದೂವರೆ ವರ್ಷ. ನಾಲ್ಕು ಅಂದರೆ ಎರಡು, ಆರು ಅಂದರೆ ಮೂರು, ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷ. ಆಮೇಲೆ ಸವೆಯುತ್ತಾ ಸಂದು ಬೀಳುತ್ತಾ ಹೋಗುತ್ತದೆ. ಹೊಸಬರಿಗೆ ನಾಲ್ಕು ಹಲ್ಲಿನ, ಎರಡನೇ ಸೂಲಿನ ಮೇಕೆ ಸರಿ. ಅದಕ್ಕೆ ಕರೆಸಿಕೊಂಡು ಅಭ್ಯಾಸ ಇರುತ್ತದೆ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಕಷ್ಟ, ಅಲ್ವಾ?

ಇನ್ನು ಆರೋಗ್ಯ. ದೂರ ನಿಂತು ಹತ್ತು ನಿಮಿಷ ಸುಮ್ನೆ ನೋಡಿ. ಚೆನ್ನಾಗಿರುವ ಮೇಕೆ ಕಿವಿ ಆಡಿಸುತ್ತಾ, ನಿಮ್ಮನ್ನೇ ವಿಚಾರಣೆ ಮಾಡುವ ಹಾಗೆ ನೋಡುತ್ತಿರುತ್ತದೆ, ಇಲ್ಲವೇ ಕೂತು ಮೆಲುಕು ಹಾಕುತ್ತಿರುತ್ತದೆ. ಕಣ್ಣಲ್ಲಿ ಪಿಸಿರು, ಮೂಗಲ್ಲಿ ಗೊಣ್ಣೆ ಇರಬಾರದು. ಹಿಕ್ಕೆ ಬಿಡಿಬಿಡಿಯಾಗಿ ಮಣಿ ಉದುರಿದ ಹಾಗೆ ಬೀಳಬೇಕು. ಬಾಲದ ಸುತ್ತ ಮೆತ್ತಿಕೊಂಡಿದ್ದರೆ ಭೇದಿ ಇದೆ ಅಂತ ಅರ್ಥ. ನಡೆಸಿ ನೋಡಿ, ಕುಂಟಬಾರದು. ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳು ವಿಪರೀತ ಆಗಿದೆ. ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ಒಳಗಿನ ಬಣ್ಣ ನೋಡಿ. ಕೆಂಪಗೆ, ಗುಲಾಬಿ ಕೆಂಪಾಗಿದ್ದರೆ ಸರಿ. ಕಾಗದದ ಹಾಗೆ ಬಿಳಚಿಕೊಂಡಿದ್ದರೆ ಮೈಯಲ್ಲಿ ರಕ್ತ ಇಲ್ಲ. ಇದೊಂದು ಪರೀಕ್ಷೆಗೆ ಕಾಸು ಖರ್ಚಿಲ್ಲ. ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕೈ ಕಣ್ಣಿಗೆ ಸಿಗದ್ದು ಬ್ರುಸೆಲ್ಲಾ ಅನ್ನುವ ರೋಗ. ಮೇಕೆ ನೋಡಲು ಚೆನ್ನಾಗೇ ಇರುತ್ತದೆ. ಗಬ್ಬದ ಕೊನೆ ತಿಂಗಳುಗಳಲ್ಲಿ ಕಂದು ಹಾಕಿಬಿಡುತ್ತದೆ, ಅಂದರೆ ಗರ್ಭಪಾತ. ಹಾಲಿನಲ್ಲಿ ಆ ರೋಗಾಣು ಇರುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ತಿಂಗಳುಗಟ್ಟಲೆ. ಇದಕ್ಕೊಂದು ಹಳೆಯ ಕಥೆ ಇದೆ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ಈ ಜ್ವರ ಕಾಡುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯರು ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲು ಮತ್ತೆ 18 ವರ್ಷ ಬೇಕಾಯಿತು. 1905ರಲ್ಲಿ ಅಲ್ಲಿನವರೇ ಆದ ಜಮ್ಮಿತ್ ಅನ್ನುವ ವೈದ್ಯರು ಮೇಕೆಗಳ ರಕ್ತ ಪರೀಕ್ಷೆ ಮಾಡಿದಾಗ ಗುಟ್ಟು ಬಯಲಾಯಿತು. ಮೇಕೆಗಳು ಆರೋಗ್ಯವಾಗಿಯೇ ಕಾಣುತ್ತಿದ್ದವು! ಸಿಪಾಯಿಗಳಿಗೆ ಹಸಿ ಮೇಕೆ ಹಾಲು ನಿಲ್ಲಿಸಿದರು, ಜ್ವರ ತಟಕ್ಕನೆ ಇಳಿಯಿತು. ಹಸಿ ಹಾಲು ಬೇಡ ಅಂತ ಶುರುವಿನಲ್ಲಿ ಹೇಳಿದ್ದು ಇದಕ್ಕೇ. ಕುದಿಸಿದರೆ ಅದು ಸಾಯುತ್ತದೆ, ಅಷ್ಟೇ ಕೆಲಸ. ಕೊಳ್ಳುವ ಮುಂಚೆ ಮೇಕೆಯ ರಕ್ತ ಪರೀಕ್ಷೆ ಮಾಡಿಸಿ. ಪಶು ಆಸ್ಪತ್ರೆಯವರು ದಾರಿ ಹೇಳುತ್ತಾರೆ. ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಬಕ್ರೀದ್ ಮುಂಚೆ ಚಾಮರಾಜಪೇಟೆ ಮೈದಾನದಲ್ಲಿ ಎಷ್ಟು ಚೆಂದದ ಮೇಕೆ ಬರುತ್ತವೆ ಅಂತ ನೋಡಿರುತ್ತೀರಿ. ನೋಡಲು ಹೋಗಿ, ನಾನೂ ಹೋಗುತ್ತೇನೆ. ಹಾಲಿನ ಮೇಕೆಯನ್ನು ಮಾತ್ರ ಅಲ್ಲಿ, ಅಥವಾ ಯಾವ ಸಂತೆಯಲ್ಲೂ ಕೊಳ್ಳಬೇಡಿ. ಹತ್ತು ಊರಿನ ಮೇಕೆ ಮೂಗಿಗೆ ಮೂಗು ತಾಗಿಸಿ ನಿಂತಿರುತ್ತವೆ. ಪಿಪಿಆರ್ ಅನ್ನುವ ಮೇಕೆ ಕುರಿಗಳ ಅಂಟುರೋಗ ಹರಡುವುದು ಹಾಗೇ. ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಮೂಗಲ್ಲಿ ನೀರು, ಭೇದಿ, ಕೊನೆಗೆ ಸಾವು. ನಮ್ಮ ದೇಶದಲ್ಲಿ ಅದು ಮೊದಲು ಕಾಣಿಸಿದ್ದು 1987ರಲ್ಲಿ, ಪಕ್ಕದ ತಮಿಳುನಾಡಿನಲ್ಲಿ. ಈಗ ಒಳ್ಳೆಯ ಲಸಿಕೆ ಇದೆ. ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲೇ ಅದನ್ನು ತಯಾರು ಮಾಡುತ್ತಾರೆ. ಒಂದು ಸಲ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕರುಳುಬೇನೆ ಲಸಿಕೆ ಮಾತ್ರ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ. ಹೊಸ ಮೇಕೆ ತಂದರೆ ಮೂರು ನಾಲ್ಕು ವಾರ ಬೇರೆ ಕಟ್ಟಿ. ಜೊತೆ ಬೇಕು ಅಂತ ಹೇಳಿ ಈಗ ಬೇರೆ ಕಟ್ಟಿ ಅನ್ನುತ್ತೀರಲ್ಲ ಅಂತ ಕೇಳಬೇಡಿ. ಅದಕ್ಕೇ ಎರಡನ್ನೂ ಒಂದೇ ಕಡೆಯಿಂದ, ಒಂದೇ ದಿನ ತನ್ನಿ.

ಪಶು ವೈದ್ಯರ ನಂಬರು ಮೊದಲೇ ಇಟ್ಟುಕೊಳ್ಳಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಗಾಡಿ ಬರುವ ವ್ಯವಸ್ಥೆಯೂ ಇದೆ.

ಮೇವು. "ಆಡು ಮುಟ್ಟದ ಸೊಪ್ಪಿಲ್ಲ" ಅಂತ ಗಾದೆ. ಗಾದೆ ಮಾಡಿದವರು ಮೇಕೆಯನ್ನು ಚೆನ್ನಾಗಿ ನೋಡಿದ್ದರು. ಮುಟ್ಟುತ್ತದೆ ಅಂದರು, ತಿನ್ನುತ್ತದೆ ಅನ್ನಲಿಲ್ಲ. ಎಲ್ಲವನ್ನೂ ಒಂದೊಂದು ಬಾಯಿ ನೋಡುತ್ತದೆ. ನೆಲಕ್ಕೆ ಬಿದ್ದ ಸೊಪ್ಪನ್ನು, ತಾನೇ ತುಳಿದದ್ದನ್ನು ಮುಟ್ಟುವುದಿಲ್ಲ. ಅಷ್ಟು ಮಡಿ. ಸೊಪ್ಪನ್ನು ಕಟ್ಟಿ ಎತ್ತರಕ್ಕೆ ತೂಗುಹಾಕಬೇಕು. ಆದರೆ ಆ ಒಂದು ಬಾಯಿ ಸಾಕು ಕೆಲವು ಗಿಡಗಳಿಗೆ. ಕಣಗಿಲೆ ನಿಮ್ಮೆಲ್ಲರ ಮನೆ ಮುಂದೆಯೂ ಇದೆ. ದೇವರಿಗೆ ಹೂವು ಬೇಕು, ಸರಿ. ಅದರ ಕೆಲವೇ ಎಲೆ ಮೇಕೆಯ ಹೃದಯ ನಿಲ್ಲಿಸಬಲ್ಲದು, ಒಣಗಿದ ಎಲೆಯೂ ಅಷ್ಟೇ ವಿಷ. ಲಂಟಾನ, ದತ್ತೂರಿ, ಹರಳು ಬೀಜ ಇವೂ ಹತ್ತಿರ ಇರಬಾರದು.

ಬೆಂಗಳೂರಿನಲ್ಲಿ ಸೊಪ್ಪು ಎಲ್ಲಿ ಅಂತ ಕೇಳುತ್ತೀರಿ. ನೋಡುವ ಕಣ್ಣಿದ್ದರೆ ಬೇಕಾದಷ್ಟಿದೆ. ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿಯಲು ಬೆಸ್ಕಾಂನವರು ಬರುತ್ತಾರಲ್ಲ, ಆ ದಿನ ನಮ್ಮ ಮೇಕೆಗಳಿಗೆ ಹಬ್ಬ. ಆಲ, ಅತ್ತಿ, ಗೋಣಿ, ಹಲಸು. ಹಿತ್ತಲಲ್ಲಿ ನುಗ್ಗೆ, ಅಗಸೆ ಮರ ನೆಡಿ, ನುಗ್ಗೆ ಕಡಿದಷ್ಟೂ ಚಿಗುರುತ್ತದೆ. ಸುಬಾಬುಲ್ ಒಳ್ಳೆಯದೇ, ಆದರೆ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ಮೀರಬಾರದು, ಅದರಲ್ಲೊಂದು ನಂಜಿನ ಅಂಶ ಇದೆ. ದೇವನಹಳ್ಳಿ, ಅದರ ಪಕ್ಕದ ವಿಜಯಪುರ, ರಾಮನಗರದ ಕಡೆ ರೇಷ್ಮೆ ಬೆಳೆಯುವವರ ಗುರುತು ಇದ್ದರೆ ನೀವು ಪುಣ್ಯವಂತರು. ಹುಳು ತಿಂದು ಮಿಕ್ಕ ಹಿಪ್ಪುನೇರಳೆ ಕಡ್ಡಿ, ಎಲೆ ಮೇಕೆಗೆ ಮೃಷ್ಟಾನ್ನ. ರೇಷ್ಮೆಹುಳು ಸಾಯುತ್ತದೆ ಅನ್ನುವ ಭಯಕ್ಕೆ ಆ ಎಲೆಗೆ ಔಷಧಿ ಹೊಡೆಯಲೂ ಹಿಂದೆ ಮುಂದೆ ನೋಡುತ್ತಾರೆ. ಮಾರ್ಕೆಟ್ಟಿನ ತರಕಾರಿ ಕಸಕ್ಕೆ ಆ ಭರವಸೆ ಇಲ್ಲ. ಅದರ ಜೊತೆ ಪ್ಲಾಸ್ಟಿಕ್ಕೂ ಹೊಟ್ಟೆಗೆ ಹೋಗುತ್ತದೆ.

35 ಕಿಲೋ ತೂಗುವ ಹಾಲಿನ ಮೇಕೆಗೆ ದಿನಕ್ಕೆ ಸುಮಾರು 3 ಕಿಲೋ ಹಸಿ ಸೊಪ್ಪು, ಅರ್ಧ ಕಿಲೋ ಹುರುಳಿ ಹೊಟ್ಟೋ ತೊಗರಿ ಹೊಟ್ಟೋ ಕಡ್ಲೆಕಾಯಿ ಬಳ್ಳಿಯೋ. ಹಿಂಡಿ ಬೂಸಾ ಕಾಲು ಕಿಲೋ, ಕರೆಯುವ ಪ್ರತಿ ಲೀಟರಿಗೆ ಮೇಲೆ 400 ಗ್ರಾಂ. ಚಿಟಿಕೆ ಖನಿಜ ಮಿಶ್ರಣ. ನೀರು ದಿನವಿಡೀ ಇರಬೇಕು, ಬೇರೆ ಮೇಕೆ ಬಾಯಿಟ್ಟು ಕೊಳಕಾದ ನೀರನ್ನೂ ಇವು ಕುಡಿಯುವುದಿಲ್ಲ. ಮಡಿ ಅಂದೆನಲ್ಲ.

ಇಷ್ಟರಲ್ಲಿ ಮೇಕೆ ಕೆಡುವುದಿಲ್ಲ. ಕೆಡುವುದು ನಮ್ಮ ಪ್ರೀತಿಯಿಂದ. ನಾಲ್ಕು ವರ್ಷದ ಹಿಂದೆ ಗಣೇಶನ ಹಬ್ಬ. ಬೀದಿಯಲ್ಲಿ ಅನ್ನ ಸಂತರ್ಪಣೆ, ಅನ್ನ, ಚಿತ್ರಾನ್ನ ತುಂಬ ಉಳಿಯಿತು. ಪಾಪ, ವ್ಯರ್ಥ ಆಗಬಾರದು ಅಂತ ಪಕ್ಕದ ಬೀದಿಯವರು ಒಂದು ಬಕೆಟ್ ತಂದು ನಮ್ಮ ದೊಡ್ಡಿಗೆ ಸುರಿದು ಹೋದರು. ನಾವು ಮನೆಯಲ್ಲಿರಲಿಲ್ಲ. ಮೇಕೆಯ ಹೊಟ್ಟೆ ಸೊಪ್ಪು ಹುದುಗಿಸುವ ದೊಡ್ಡ ಗುಡಾಣ. ಅದಕ್ಕೆ ಒಮ್ಮೆಲೇ ಅನ್ನ ಬಿದ್ದರೆ ಇಡ್ಲಿ ಹಿಟ್ಟು ಉಕ್ಕಿ ಹುಳಿಯಾದ ಹಾಗೆ ಆಗುತ್ತದೆ. ಹುಳಿ ಜಾಸ್ತಿಯಾಗಿ ಒಳಗಿನ ಒಳ್ಳೆಯ ಜೀವಾಣುಗಳೇ ಸಾಯುತ್ತವೆ, ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ರಾತ್ರಿ ಬಂದು ನೋಡಿದರೆ ಮೂರು ಮೇಕೆ ಹಲ್ಲು ಕಡಿಯುತ್ತಾ ನಿಂತಿದ್ದವು, ಮೆಲುಕು ಇಲ್ಲ. ವೈದ್ಯರು ಬಂದರು, ಅಡುಗೆ ಸೋಡಾ ನೀರು ಕುಡಿಸಿದರು, ಡ್ರಿಪ್ ಹಾಕಿದರು. ಎರಡು ಉಳಿದವು. ಚುಕ್ಕಿ ಉಳಿಯಲಿಲ್ಲ. ಈಗ ನಮ್ಮ ದೊಡ್ಡಿಗೆ ಬೀಗ ಇದೆ. ಒಂದು ಬೋರ್ಡೂ ಇದೆ: "ದಯವಿಟ್ಟು ಅನ್ನ, ಮುದ್ದೆ, ದೋಸೆ ಹಿಟ್ಟು ಹಾಕಬೇಡಿ." ಓದಿದವರು ನಗುತ್ತಾರೆ. ನಗಲಿ.

ಹುಳುವಿನ ವಿಷಯ. ರಕ್ತ ಹೀರುವ ಹುಳುವಿನ ಮರಿಗಳು ಇಬ್ಬನಿ ಇರುವಾಗ ಹುಲ್ಲಿನ ತುದಿಗೆ ಹತ್ತಿ ಕೂತಿರುತ್ತವೆ. ಮೇಯಲು ಬಿಡುವುದಾದರೆ ಇಬ್ಬನಿ ಆರಿದ ಮೇಲೆ ಬಿಡಿ. ಎತ್ತರದಲ್ಲಿ ಕಟ್ಟಿದ ಸೊಪ್ಪು ತಿನ್ನುವ ಮೇಕೆಗೆ ಹುಳು ಕಡಿಮೆ. ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧಿ ಕುಡಿಸುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಹುಳುಗಳೇ ಔಷಧಿಗೆ ಒಗ್ಗಿಕೊಳ್ಳುತ್ತವೆ. ಹದಿನೈದು ದಿನಕ್ಕೊಮ್ಮೆ ಕಣ್ಣಿನ ರೆಪ್ಪೆ ನೋಡಿ. ಬಿಳಚಿದ್ದಕ್ಕೆ ಮಾತ್ರ ಕೊಡಿ. ಅನುಮಾನ ಇದ್ದರೆ ಹಿಕ್ಕೆ ಪರೀಕ್ಷೆ ಮಾಡಿಸಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವಾರಕ್ಕೊಮ್ಮೆ ನೋಡಿ, ನಮ್ಮೂರಲ್ಲಿ ಮಳೆ ಜೋರಾಗಿರುವುದು ಆಗಲೇ. ಮಲಗುವ ಜಾಗ ಒದ್ದೆ ಇರಬಾರದು. ಮರದ ಪಟ್ಟಿ ಹೊಡೆದು ಎರಡಡಿ ಎತ್ತರದ ಅಟ್ಟಣಿಗೆ ಮಾಡಿದರೆ ಹಿಕ್ಕೆ ಮೂತ್ರ ಕೆಳಗೆ ಹೋಗುತ್ತದೆ. ನಿಮ್ಮ ತಾರಸಿ ತೋಟಕ್ಕೆ ಅದಕ್ಕಿಂತ ಗೊಬ್ಬರ ಬೇಕಾ? ಗೊರಸನ್ನು ಎರಡು ತಿಂಗಳಿಗೊಮ್ಮೆ ಕತ್ತರಿಸಬೇಕು. ಕೆಲಸ ಹತ್ತು ನಿಮಿಷದ್ದು, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು.

ಕರೆಯುವುದು. ಎರಡು ಬೆರಳಲ್ಲಿ ಜಗ್ಗಬೇಡಿ. ಹೆಬ್ಬೆರಳು ತೋರುಬೆರಳಿನಿಂದ ಮೇಲೆ ಬಿಗಿ ಹಿಡಿದು, ಉಳಿದ ಬೆರಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಮೊದಲ ಎರಡು ಧಾರೆಯನ್ನು ಬೇರೆ ಲೋಟಕ್ಕೆ, ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ, ಹಿಂಡಿ. ಹಾಲು ಒಡೆದ ಹಾಗೆ ಚೂರು ಕಂಡರೆ ಕೆಚ್ಚಲು ಬಾವು ಶುರು. ಆ ಹಾಲು ಚೆಲ್ಲಿ, ವೈದ್ಯರನ್ನು ಕರೆಯಿರಿ. ಇಂಜೆಕ್ಷನ್ ಕೊಟ್ಟರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಅವರನ್ನೇ ಕೇಳಿ, ಅಷ್ಟು ದಿನ ಬಳಸಬೇಡಿ.

"ಮೇಕೆ ಹಾಲು ವಾಸನೆ" ಅನ್ನುವವರು ಹೋತದ ಪಕ್ಕದಲ್ಲಿ ಕರೆದ ಹಾಲು ಕುಡಿದಿರಬೇಕು. ಹೋತವನ್ನು ದೂರ ಇಟ್ಟು, ಶುದ್ಧ ಸ್ಟೀಲ್ ಪಾತ್ರೆಯಲ್ಲಿ ಕರೆದು, ತಕ್ಷಣ ಸೋಸಿ ಕಾಯಿಸಿದರೆ ವಾಸನೆ ಇರುವುದಿಲ್ಲ. ಎರಡು ಮೇಕೆಗಾಗಿ ನೀವು ಹೋತ ಸಾಕುವುದೇ ಬೇಡ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಒಂದು ದಿನ, ಒಂದೂವರೆ ದಿನ ಇರುತ್ತದೆ. ಬಾಲ ಒಂದೇ ಸಮ ಆಡಿಸುತ್ತಾ ಕೂಗುತ್ತದೆ. ಆಗ ಹೋತ ಇರುವವರ ಹತ್ತಿರ ಕರೆದುಕೊಂಡು ಹೋಗಿ.

ಹಾಲಿನ ಬಗ್ಗೆ ಎರಡು ತಪ್ಪು ಕಲ್ಪನೆ. ಹಸು ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದು ಪೂರ್ತಿ ಪರಿಹಾರ ಅಲ್ಲ, ಲ್ಯಾಕ್ಟೋಸ್ ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಕೊಬ್ಬಿನ ಕಣ ಸಣ್ಣದು, ಕೆನೆ ಬೇಗ ಕಟ್ಟುವುದಿಲ್ಲ, ಕೆಲವರಿಗೆ ಹಗುರ ಅನ್ನಿಸುತ್ತದೆ. ಎರಡನೆಯದು, ವರ್ಷದೊಳಗಿನ ಮಗುವಿಗೆ ತಾಯಿ ಹಾಲಿನ ಬದಲು ಕೊಡಬೇಡಿ. ಇದರಲ್ಲಿ ಫೋಲೇಟ್ ತೀರಾ ಕಡಿಮೆ, ಮಗುವಿಗೆ ರಕ್ತಹೀನತೆ ಬರಬಹುದು.

ಮೇಕೆ ಹಾಲು ಅಂದರೆ ಗಾಂಧೀಜಿ ನೆನಪಾಗಲೇಬೇಕು. ಹಾಲು ಮುಟ್ಟುವುದಿಲ್ಲ ಅಂತ ವ್ರತ ಮಾಡಿದ್ದರು. ಕಾಯಿಲೆ ಬಿದ್ದಾಗ ಕಸ್ತೂರಬಾ, "ನೀವು ವ್ರತ ಮಾಡಿದ್ದು ಹಸು ಎಮ್ಮೆ ಹಾಲಿಗೆ ತಾನೇ, ಮೇಕೆ ಹಾಲಿಗೇನು?" ಅನ್ನುವ ಅರ್ಥದ ಮಾತು ಹೇಳಿ ಒಪ್ಪಿಸಿದರು. ಒಪ್ಪಿದರು, ಆದರೆ ಮಾತು ಉಳಿಸಿಕೊಂಡು ಅದರ ಸಾರ ಕಳೆದುಕೊಂಡೆ ಅನ್ನುವ ಕೊರಗು ಅವರಿಗೆ ಕೊನೆಯ ತನಕ ಇತ್ತು. 1927ರಲ್ಲಿ ಮೈಗೆ ಹುಷಾರಿಲ್ಲದೆ ನಂದಿ ಬೆಟ್ಟಕ್ಕೆ ಬಂದು, ಆಮೇಲೆ ಬೆಂಗಳೂರಿನಲ್ಲೂ ಉಳಿದಿದ್ದರು. ಆಗ ಆಡುಗೋಡಿಯ ಡೈರಿ ಸಂಸ್ಥೆಗೆ ಹೋಗಿ ಹಸು ಸಾಕಣೆಯ ಪಾಠ ಹೇಳಿಸಿಕೊಂಡರು. ಅದೇ ಇವತ್ತಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ದಿನಾ ಮೇಕೆ ಹಾಲು ಕುಡಿಯುತ್ತಿದ್ದವರು ಸಂದರ್ಶಕರ ಪುಸ್ತಕದಲ್ಲಿ ತಮ್ಮ ಕಸುಬು "ರೈತ" ಅಂತ ಬರೆದರಂತೆ. ಆ ರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಸಿಗ್ನಲ್ಲೂ ಅಷ್ಟು ಹೊತ್ತು ನಿಲ್ಲಿಸುತ್ತದೆ ಬಿಡಿ.

ಯಾರೋ ಚೀಟಿ ಕಳಿಸಿದ್ದಾರೆ: "ಮೇಕೆ ಗಿಣ್ಣು ತಿನ್ನಬಹುದಾ?" ತಿನ್ನಬಹುದು, ಆದರೆ ಸರದಿ ಇದೆ. ಮರಿ ಹುಟ್ಟಿದ ಒಂದು ಗಂಟೆಯೊಳಗೆ ಅದರ ಹೊಟ್ಟೆಗೆ ಗಿಣ್ಣು ಹಾಲು ಹೋಗಬೇಕು. ಮರಿ ಹುಟ್ಟುವಾಗ ರೋಗ ತಡೆಯುವ ಶಕ್ತಿ ಅದರ ರಕ್ತದಲ್ಲಿ ಇರುವುದಿಲ್ಲ, ಎಲ್ಲ ಆ ಹಾಲಿನಿಂದಲೇ ಬರಬೇಕು. ಹೊತ್ತು ಕಳೆದ ಹಾಗೆ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಎರಡೂವರೆ ಕಿಲೋ ಮರಿಗೆ ಮೊದಲ ದಿನ ಕಾಲು ಲೀಟರಾದರೂ ಬೇಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಅವಳಿ ಇದ್ದರೆ ಬಲವಾದ ಮರಿ ಎರಡು ಕಡೆಯೂ ಕುಡಿದುಬಿಡುತ್ತದೆ, ಸೊರಗಿದ್ದನ್ನು ನೀವೇ ಹಿಡಿದು ಕುಡಿಸಿ.

ಎರಡನೇ ದಿನ ಕೆಚ್ಚಲಲ್ಲಿ ಮಿಕ್ಕಿದ್ದರೆ ಒಲೆಯ ಕಡೆ ನೋಡಬಹುದು. ನಮ್ಮತ್ತೆ ಬೆಲ್ಲ ಕುಟ್ಟಿ, ಏಲಕ್ಕಿ ಬಿಡಿಸಿಕೊಂಡು ಮೊದಲ ದಿನವೇ ದೊಡ್ಡಿಯ ಹತ್ತಿರ ಸ್ಟೂಲ್ ಹಾಕಿ ಕೂತಿರುತ್ತಾರೆ. "ಎರಡೂ ಕುಡಿದವಾ?" ಅಂತ ಕೇಳುತ್ತಲೇ ಇರುತ್ತಾರೆ. ಕುಡಿದವು ಅಂದರೆ ಮರುದಿನ ಪಾತ್ರೆ ತರುತ್ತಾರೆ. ಕುಡಿದಿಲ್ಲ ಅಂದರೆ ಬೆಲ್ಲ ವಾಪಸ್ ಡಬ್ಬಿಗೆ.